ಒಂದು ಕೈಲಿ ಬಂದೂಕು, ಇನ್ನೊಂದು ಕೈಲಿ ಓಟಿನ ಚೀಟಿ

1981ರ ಏಪ್ರಿಲ್ 9. ಉತ್ತರ ಐರ್ಲೆಂಡಿನ ಫರ್ಮಾನಾ ಮತ್ತು ದಕ್ಷಿಣ ಟಿರೋನ್ ಕ್ಷೇತ್ರದಲ್ಲಿ ಬ್ರಿಟಿಷ್ ಸಂಸತ್ತಿಗೆ ಉಪಚುನಾವಣೆ. ಕಣದಲ್ಲಿ ಇದ್ದದ್ದು ಇಬ್ಬರೇ. ಅವರಲ್ಲಿ ಒಬ್ಬ ಅಭ್ಯರ್ಥಿ ಒಂದು ಸಭೆಯನ್ನೂ ಮಾಡಲಿಲ್ಲ, ಒಂದು ಮನೆಯ ಬಾಗಿಲನ್ನೂ ತಟ್ಟಲಿಲ್ಲ. ತಟ್ಟುವ ಹಾಗೂ ಇರಲಿಲ್ಲ. ಆತ ಮೇಜ್ ಜೈಲಿನಲ್ಲಿದ್ದ. ಊಟ ಬಿಟ್ಟು ಅವತ್ತಿಗೆ 40 ದಿನ.

ಹೆಸರು ಬಾಬಿ ಸ್ಯಾಂಡ್ಸ್, ವಯಸ್ಸು 27. ಬ್ರಿಟಿಷರನ್ನು ಹೊರಹಾಕಿ ಐರ್ಲೆಂಡನ್ನು ಒಂದು ಮಾಡಲು ಬಂದೂಕು ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಆರ್ಮಿಯ, ಅಂದರೆ ಐಆರ್‌ಎಯ ಸದಸ್ಯ. ಬಂದೂಕು ಇಟ್ಟುಕೊಂಡಿದ್ದಕ್ಕೆ 14 ವರ್ಷ ಶಿಕ್ಷೆಯಾಗಿತ್ತು. ನಮ್ಮನ್ನು ಕಳ್ಳಕಾಕರ ಸಾಲಿಗೆ ಸೇರಿಸಬೇಡಿ, ರಾಜಕೀಯ ಕೈದಿಗಳ ಹಾಗೆ ನೋಡಿ ಅನ್ನುವುದು ಉಪವಾಸದ ಬೇಡಿಕೆ. ಎಣಿಕೆ ಮುಗಿದಾಗ ಸ್ಯಾಂಡ್ಸ್‌ಗೆ 30,492 ಓಟು, ಎದುರಾಳಿ ಹ್ಯಾರಿ ವೆಸ್ಟ್ ಅವರಿಗೆ 29,046. ಗೆದ್ದ ಸಂಸದ ಸಂಸತ್ತಿನ ಮೆಟ್ಟಿಲು ಹತ್ತಲಿಲ್ಲ. ಮೇ 5ರಂದು, ಉಪವಾಸದ 66ನೇ ದಿನ, ಜೈಲಿನಲ್ಲೇ ತೀರಿಕೊಂಡ.

ಲೆಬನಾನಿನ ಹಿಜ್ಬುಲ್ಲಾ, ಪ್ಯಾಲೆಸ್ಟೀನಿನ ಹಮಾಸ್ ಅಂತ ದಿನಾ ಸುದ್ದಿಯಲ್ಲಿ ಕೇಳುವಾಗ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ. ಇವರು ಉಗ್ರರಾ, ರಾಜಕಾರಣಿಗಳಾ? ಬಂದೂಕೂ ಇದೆ, ಶಾಸಕರೂ ಇದ್ದಾರೆ, ಇದು ಹೇಗೆ ಸಾಧ್ಯ? ನನಗನಿಸುವ ಮಟ್ಟಿಗೆ ಈ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಎರಡೂ ಹೌದು, ಅಷ್ಟೇ. ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ: ಈಗಿರುವುದಕ್ಕಿಂತ ಜಾಸ್ತಿ ಗೆಲ್ಲಬೇಕಾದರೆ ಇವರಿಗೆ ಇನ್ನು ಯಾರ ಓಟು ಬೇಕು? ಬಂದೂಕು ಇಳಿಯುತ್ತದೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಇದರ ಮೇಲೆ ನಿಂತಿರುತ್ತದೆ. ಐರ್ಲೆಂಡಿನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಿದರೆ ಇದು ಗೊತ್ತಾಗುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1921ರಲ್ಲಿ ಐರ್ಲೆಂಡ್ ಇಬ್ಭಾಗವಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ ಜೊತೆ ಉಳಿದವು. ಅಲ್ಲಿ ಆಗ ಬಹುಸಂಖ್ಯಾತರು ಪ್ರೊಟೆಸ್ಟೆಂಟರು, ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು. ಅಲ್ಪಸಂಖ್ಯಾತ ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಒಂದೇ ಐರ್ಲೆಂಡ್ ಬೇಕು. ಕೆಲಸ, ಮನೆ, ಓಟು, ಎಲ್ಲದರಲ್ಲೂ ತಮಗೆ ತಾರತಮ್ಯ ಅಂತ ಕ್ಯಾಥೊಲಿಕರು ಬೀದಿಗಿಳಿದರು, ಗಲಭೆಯಾಯಿತು, 1969ರಲ್ಲಿ ಬ್ರಿಟಿಷ್ ಸೈನ್ಯ ಬಂತು. ಅಲ್ಲಿಂದ 1998ರವರೆಗೆ ಸುಮಾರು 3,500 ಜನ ಸತ್ತರು. ಎರಡೂ ಕಡೆ ಬಂದೂಕಿನ ಗುಂಪುಗಳಿದ್ದವು, ಸೈನ್ಯವೂ ಕೊಂದಿತು. ಆದರೆ ಎಲ್ಲರಿಗಿಂತ ಹೆಚ್ಚು ಜನರನ್ನು ಕೊಂದದ್ದು ಐಆರ್‌ಎ.

ಐಆರ್‌ಎ ಜೊತೆಗೆ ಒಂದು ಪಕ್ಷ ಇತ್ತು, ಶಿನ್ ಫೇನ್. 1970ರ ದಶಕದಲ್ಲಿ ಅದು ಹೆಸರಿಗೆ ಮಾತ್ರ ಪಕ್ಷ. ಪತ್ರಿಕೆ ಮಾರುವುದು, ಕೈದಿಗಳ ಕುಟುಂಬಗಳನ್ನು ನೋಡಿಕೊಳ್ಳುವುದು, ಶವಯಾತ್ರೆ ಏರ್ಪಾಡು ಮಾಡುವುದು, ಇಷ್ಟೇ ಕೆಲಸ. ಚುನಾವಣೆ ಅಂದರೆ ಅವರಿಗೆ ಅಲರ್ಜಿ. ಬ್ರಿಟಿಷರ ಸಂಸತ್ತನ್ನು ಒಪ್ಪಿಕೊಂಡ ಹಾಗಾಗುತ್ತದೆ ಅಲ್ವಾ? ಗೆದ್ದರೂ ಕುರ್ಚಿಯಲ್ಲಿ ಕೂರುವುದಿಲ್ಲ ಅನ್ನುವುದು ಅವರ ಹಳೇ ನಿಯಮ.

ಬಾಬಿ ಸ್ಯಾಂಡ್ಸ್ ಗೆಲುವು ಇದನ್ನೆಲ್ಲ ಅಲ್ಲಾಡಿಸಿತು. ಈ ಗೆಲುವನ್ನು ಯಾರೂ ಯೋಜನೆ ಹಾಕಿ ತಂದಿರಲಿಲ್ಲ. ಅಲ್ಲಿನ ಸಂಸದ ಫ್ರಾಂಕ್ ಮಗ್ವಾಯರ್ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡರು, ಸೀಟು ಖಾಲಿಯಾಯಿತು. ಕ್ಯಾಥೊಲಿಕರ ಶಾಂತಿವಾದಿ ಪಕ್ಷ ಎಸ್‌ಡಿಎಲ್‌ಪಿ ಅಭ್ಯರ್ಥಿಯನ್ನು ಹಾಕಲಿಲ್ಲ. ಓಟು ಹಾಕಿದರೆ ಒಬ್ಬ ಹುಡುಗನ ಜೀವ ಉಳಿಯಬಹುದು, ಗೆದ್ದ ಸಂಸದನನ್ನು ಸಾಯಲು ಬಿಡುತ್ತಾರಾ ಅಂತ ಎಷ್ಟೋ ಜನ ಅಂದುಕೊಂಡರು. ಅಂದರೆ ಆ 30,492ರಲ್ಲಿ ಎಷ್ಟೋ ಓಟು ಬಾಂಬಿಗೆ ಬಿದ್ದದ್ದಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷ ಅಕ್ಟೋಬರ್ ಕೊನೆಗೆ ಶಿನ್ ಫೇನ್ ಸಮ್ಮೇಳನ. ಪಕ್ಷದ ಪ್ರಚಾರದ ಹೊಣೆ ಹೊತ್ತಿದ್ದ ಡ್ಯಾನಿ ಮಾರಿಸನ್ ಎದ್ದು ನಿಂತು ಸಭೆಯನ್ನೇ ಒಂದು ಪ್ರಶ್ನೆ ಕೇಳಿದರು. ಒಂದು ಕೈಯಲ್ಲಿ ಮತಪತ್ರ, ಇನ್ನೊಂದು ಕೈಯಲ್ಲಿ ಆರ್ಮಲೈಟ್ ರೈಫಲ್ ಹಿಡಿದು ಐರ್ಲೆಂಡಿನಲ್ಲಿ ಅಧಿಕಾರ ಹಿಡಿದರೆ ಯಾರಾದರೂ ಬೇಡ ಅನ್ನುತ್ತೀರಾ ಅಂತ. ಯಾರೂ ಬೇಡ ಅನ್ನಲಿಲ್ಲ.

ಎರಡೂ ಕೈ ಒಂದೇ ಮೈಯದ್ದಾ? ಕಾಗದದ ಮೇಲೆ ಬೇರೆ ಬೇರೆ. ಐಆರ್‌ಎಗೆ ಏಳು ಜನರ ಸೇನಾ ಮಂಡಳಿ, ಪಕ್ಷಕ್ಕೆ ಅದರದೇ ಕಾರ್ಯಕಾರಿ ಸಮಿತಿ. ಬಾಂಬ್ ಸಿಡಿದರೆ ಪಕ್ಷದವರು ‘ಅದು ಅವರನ್ನು ಕೇಳಿ’ ಅನ್ನಬಹುದು. ಆದರೆ ಮನುಷ್ಯರು ಅವರೇ. ಮಾರ್ಟಿನ್ ಮೆಕ್‌ಗಿನ್ನೆಸ್ 1972ರಲ್ಲಿ ಡೆರಿ ಊರಿನ ಐಆರ್‌ಎಗೆ ತಾನು ಎರಡನೇ ನಾಯಕನಾಗಿದ್ದೆ ಅಂತ ಆಮೇಲೆ ಒಪ್ಪಿಕೊಂಡರು. 2018ರವರೆಗೆ ಪಕ್ಷದ ಅಧ್ಯಕ್ಷರಾಗಿದ್ದ ಜೆರಿ ಆಡಮ್ಸ್ ಮಾತ್ರ ತಾನು ಐಆರ್‌ಎ ಸದಸ್ಯನಾಗಿರಲೇ ಇಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ನಂಬುವವರು ಕಡಿಮೆ.

ಇಂಥ ಗುಂಪುಗಳಿಗೆ ಚುನಾವಣೆ ಯಾಕೆ ಬೇಕು ಅಂದರೆ, ಜನ ನಮ್ಮ ಜೊತೆ ಇದ್ದಾರೆ ಅಂತ ಲೋಕಕ್ಕೆ ತೋರಿಸೋಕೆ. ಬಂದೂಕಿನವನಿಗೆ ಬೆಂಬಲ ಎಷ್ಟಿದೆ ಅಂತ ಹೇಗೆ ಅಳೆಯುತ್ತೀರಿ? ಹೆದರಿ ಸುಮ್ನಿದ್ದವರೂ ಬೆಂಬಲಿಗರ ಹಾಗೇ ಕಾಣುತ್ತಾರೆ. ಓಟಿನ ಪೆಟ್ಟಿಗೆ ಅದನ್ನು ಅಂಕಿಯಲ್ಲಿ ಹೇಳುತ್ತದೆ. ಜೊತೆಗೆ ಕೌನ್ಸಿಲರ್ ಆದವನು ಮನೆ ಹಂಚಿಕೆ, ಬೀದಿದೀಪ, ಚರಂಡಿ ಅಂತ ಜನರ ನಡುವೆ ಓಡಾಡಬಹುದು. ಮಾತುಕತೆಯ ದಿನ ಬಂದರೆ ಸರ್ಕಾರ ಯಾರ ಜೊತೆ ಕೂರಬೇಕು ಅನ್ನುವುದಕ್ಕೆ ಒಂದು ಮುಖವೂ ಸಿಗುತ್ತದೆ.

ಸರ್ಕಾರ ಯಾಕೆ ಬಿಡುತ್ತದೆ? ಅದಕ್ಕೂ ಲೆಕ್ಕಾಚಾರ ಇದೆ. ಬ್ರಿಟನ್ 1974ರಲ್ಲೇ ಶಿನ್ ಫೇನ್ ಮೇಲಿನ ನಿಷೇಧ ತೆಗೆದಿತ್ತು, ಐಆರ್‌ಎ ಮೇಲಿನದ್ದು ಹಾಗೇ ಇತ್ತು. ಬಾಗಿಲು ಸ್ವಲ್ಪ ತೆರೆದಿಟ್ಟರೆ ಒಳಗೆ ಬರಲಿ ಅಂತ. ಬಂದರೆ ಮಾತ್ರ ಕಿರಿಕಿರಿ. ಸ್ಯಾಂಡ್ಸ್ ಗೆದ್ದ ಕೆಲವೇ ತಿಂಗಳಲ್ಲಿ, ವರ್ಷಕ್ಕಿಂತ ಹೆಚ್ಚು ಶಿಕ್ಷೆ ಅನುಭವಿಸುತ್ತಿರುವ ಕೈದಿಗಳು ಸ್ಪರ್ಧಿಸುವಂತಿಲ್ಲ ಅಂತ ಕಾನೂನು ತಂದರು. 1988ರಲ್ಲಿ ಇನ್ನೂ ವಿಚಿತ್ರವಾದದ್ದು ಮಾಡಿದರು. ಶಿನ್ ಫೇನ್ ನಾಯಕರ ದನಿಯನ್ನು ಟಿವಿ, ರೇಡಿಯೊದಲ್ಲಿ ಕೇಳಿಸಬಾರದು ಅಂತ ಆದೇಶ. ಮುಖ ತೋರಿಸಬಹುದು, ಮಾತಿನ ಪಠ್ಯವೂ ಪರವಾಗಿಲ್ಲ, ದನಿ ಮಾತ್ರ ಕೂಡದು! ಟಿವಿಯವರು ಏನು ಮಾಡಿದರು ಗೊತ್ತಾ? ನಟರನ್ನು ಕರೆಸಿ ಡಬ್ಬಿಂಗ್ ಮಾಡಿಸಿದರು. ಆಡಮ್ಸ್ ಬಾಯಿ ಆಡಿಸುತ್ತಿದ್ದರೆ ಇನ್ಯಾರದೋ ದನಿ ಕೇಳುತ್ತಿತ್ತು. ನಮ್ಮ ಡಬ್ಬಿಂಗ್ ಸಿನಿಮಾ ಥರವೇ. ಈ ನಾಟಕ 1994ರವರೆಗೆ ನಡೆಯಿತು.

ಓಟಿನ ಕಡೆ ಮೊದಮೊದಲು ಎಲ್ಲ ಚೆನ್ನಾಗೇ ಇತ್ತು. 1983ರ ಸಂಸತ್ ಚುನಾವಣೆಯಲ್ಲಿ ಶಿನ್ ಫೇನ್‌ಗೆ ಉತ್ತರ ಐರ್ಲೆಂಡಿನ 13.4 ಶೇಕಡಾ ಓಟು, ಆಡಮ್ಸ್ ಪಶ್ಚಿಮ ಬೆಲ್‌ಫಾಸ್ಟ್‌ನಲ್ಲಿ ಗೆದ್ದರು. 1985ರಲ್ಲಿ ಸ್ಥಳೀಯ ಕೌನ್ಸಿಲ್‌ಗಳಲ್ಲಿ 59 ಸೀಟು. ಎರಡು ಕೈಯ ಸೂತ್ರ ಫಲ ಕೊಡುತ್ತಿದೆ ಅನಿಸಿತ್ತು.

ಆಮೇಲೆ 1987ರ ನವೆಂಬರ್ 8 ಬಂತು. ಎನಿಸ್ಕಿಲನ್ ಅನ್ನುವ ಪಟ್ಟಣ. ಯುದ್ಧದಲ್ಲಿ ಸತ್ತ ಸೈನಿಕರನ್ನು ನೆನೆಯುವ ಭಾನುವಾರ, ಸ್ಮಾರಕದ ಹತ್ತಿರ ಜನ ಸೇರಿದ್ದರು. ಪಕ್ಕದ ಕಟ್ಟಡದಲ್ಲಿ ಐಆರ್‌ಎ ಇಟ್ಟಿದ್ದ ಬಾಂಬ್ ಸಿಡಿಯಿತು, ಗೋಡೆ ಜನರ ಮೇಲೆ ಬಿತ್ತು. 11 ಮಂದಿ ಸತ್ತರು. ಹಲವರು ವಯಸ್ಸಾದವರು. ಬಟ್ಟೆ ಅಂಗಡಿ ಇಟ್ಟಿದ್ದ ಗಾರ್ಡನ್ ವಿಲ್ಸನ್ ಮತ್ತು ನರ್ಸ್ ಆಗಿದ್ದ ಅವರ 20 ವರ್ಷದ ಮಗಳು ಮೇರಿ ಕಲ್ಲುಮಣ್ಣಿನ ಕೆಳಗೆ ಸಿಕ್ಕಿಕೊಂಡರು. ಕತ್ತಲಲ್ಲಿ ಅಪ್ಪನ ಕೈ ಹಿಡಿದಿದ್ದ ಮಗಳು ಆಸ್ಪತ್ರೆಯಲ್ಲಿ ಸತ್ತಳು. ಅವತ್ತೇ ಆ ಅಪ್ಪ ರೇಡಿಯೊದವರ ಮುಂದೆ, ನನಗೆ ಯಾರ ಮೇಲೂ ದ್ವೇಷವಿಲ್ಲ ಅಂದುಬಿಟ್ಟರು. ಇಡೀ ಐರ್ಲೆಂಡ್ ಅದನ್ನು ಕೇಳಿತು.

ಎನಿಸ್ಕಿಲನ್ ಇರುವುದು ಫರ್ಮಾನಾದಲ್ಲಿ. ಆರು ವರ್ಷದ ಹಿಂದೆ ಬಾಬಿ ಸ್ಯಾಂಡ್ಸ್‌ನನ್ನು ಗೆಲ್ಲಿಸಿದ ಅದೇ ಕ್ಷೇತ್ರ.

1989ರ ಕೌನ್ಸಿಲ್ ಚುನಾವಣೆಯಲ್ಲಿ ಶಿನ್ ಫೇನ್‌ನ 59 ಸೀಟು 43ಕ್ಕೆ ಇಳಿಯಿತು. ಫರ್ಮಾನಾ ಕೌನ್ಸಿಲ್‌ನಲ್ಲಿ ಎಂಟಿದ್ದದ್ದು ನಾಲ್ಕಾಯಿತು. 1992ರಲ್ಲಿ ಪಶ್ಚಿಮ ಬೆಲ್‌ಫಾಸ್ಟ್‌ನಲ್ಲಿ ಆಡಮ್ಸ್ ಅವರೇ ಎಸ್‌ಡಿಎಲ್‌ಪಿಯ ಜೋ ಹೆಂಡ್ರನ್ ಎದುರು 589 ಓಟಿನಿಂದ ಸೋತರು. ಅಲ್ಲಿನ ಪ್ರೊಟೆಸ್ಟೆಂಟರಲ್ಲಿ ಹಲವರು ತಮ್ಮವರನ್ನು ಬಿಟ್ಟು ಹೆಂಡ್ರನ್‌ಗೆ ಒತ್ತಿದ್ದರು. ಆಡಮ್ಸ್ ಬರಬಾರದು, ಅಷ್ಟೇ ಅವರ ಲೆಕ್ಕ. ಆ ವರ್ಷ ಶಿನ್ ಫೇನ್ ಒಟ್ಟು ಓಟು 10 ಶೇಕಡಾ.

ಈಗ ನಾನು ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಏನೇ ಆದರೂ ಶಿನ್ ಫೇನ್‌ಗೆ ಓಟು ಹಾಕುವವರು ಹಾಕೇ ಹಾಕುತ್ತಿದ್ದರು. ಬಾಂಬ್ ಸಿಡಿದರೂ ಹಾಕುವ ಜನ. ಆದರೆ ಆ ಜನರ ಸಂಖ್ಯೆ ಹತ್ತು-ಹನ್ನೆರಡು ಶೇಕಡಾ ದಾಟುತ್ತಿರಲಿಲ್ಲ. ಅದಕ್ಕಿಂತ ಮೇಲೆ ಹೋಗಬೇಕಾದರೆ ಎಸ್‌ಡಿಎಲ್‌ಪಿ ಕಡೆಯ ಕ್ಯಾಥೊಲಿಕರು ಬೇಕು. ಮೇಷ್ಟ್ರು, ಅಂಗಡಿಯವರು, ಚರ್ಚಿಗೆ ಹೋಗುವ ಅಜ್ಜಿಯರು. ಅವರಿಗೂ ಒಂದೇ ಐರ್ಲೆಂಡ್ ಬೇಕು, ಬಾಂಬ್ ಬೇಡ.

ಅಲ್ಲಿನ ಓಟಿನ ಪದ್ಧತಿ ಇದನ್ನು ಇನ್ನೂ ಬಿಗಿ ಮಾಡಿತು. ಸಂಸತ್ತಿಗೆ ನಮ್ಮ ಹಾಗೇ ಒಂದು ಓಟು. ಕೌನ್ಸಿಲ್‌ಗೆ, ಪ್ರಾಂತ್ಯದ ಅಸೆಂಬ್ಲಿಗೆ ಮಾತ್ರ ಪ್ರಾಶಸ್ತ್ಯ ಮತ. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಓಟು ಹಾಕಿದವರಿಗೆ ಇದು ಗೊತ್ತು. ಚುನಾವಣಾ ಸಿಬ್ಬಂದಿ ಕೊಡುವ ನೇರಳೆ ಪೆನ್ನಿನಲ್ಲಿ ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಮೊದಲ ಪ್ರಾಶಸ್ತ್ಯದಲ್ಲೇ ತೀರ್ಮಾನವಾಗದಿದ್ದರೆ ಸೋತವರ ಚೀಟಿಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿದೆ ಅಂತ ನೋಡಿ ಹಂಚುತ್ತಾರೆ. ಕೊನೇ ಸೀಟು ಎಷ್ಟೋ ಸಲ ಹೀಗೇ ತೀರ್ಮಾನವಾಗುವುದು. ಪ್ರತಿ ಬಾಂಬಿನ ನಂತರ ಎಸ್‌ಡಿಎಲ್‌ಪಿ ಮತದಾರ ತನ್ನ 2ನ್ನು ಶಿನ್ ಫೇನ್ ಮುಂದೆ ಬರೆಯದೆ ಬಿಟ್ಟರೆ ಅಲ್ಲಿಗೆ ಮುಗಿಯಿತು. ಸೇನಾ ಮಂಡಳಿ ಇಡುವ ಬಾಂಬಿನ ಬಿಲ್ಲು ಪಕ್ಷದ ಕೌನ್ಸಿಲರ್ ಹೆಸರಿಗೆ ಬರುತ್ತಿತ್ತು.

ಓಟಿನ ಲೆಕ್ಕವೊಂದೇ ಬಂದೂಕು ಇಳಿಸಿತು ಅಂದರೆ ಅದು ಅರ್ಧ ಸತ್ಯ. ಬ್ರಿಟಿಷ್ ಗುಪ್ತಚರರು ಐಆರ್‌ಎ ಒಳಗೇ ತಮ್ಮ ಜನರನ್ನು ಇಟ್ಟಿದ್ದರು. ಯುದ್ಧದಲ್ಲಿ ಯಾರೂ ಗೆಲ್ಲುವ ಹಾಗಿರಲಿಲ್ಲ. ಎಸ್‌ಡಿಎಲ್‌ಪಿಯ ಜಾನ್ ಹ್ಯೂಮ್ ತನ್ನವರಿಂದಲೇ ಬೈಸಿಕೊಂಡು ಆಡಮ್ಸ್ ಜೊತೆ ಮಾತಾಡುತ್ತಲೇ ಇದ್ದರು. ಇದೆಲ್ಲ ಸೇರಿ 1994ರ ಆಗಸ್ಟ್ 31ರಂದು ಕದನವಿರಾಮ ಬಂತು. 1996ರ ಫೆಬ್ರುವರಿಯಲ್ಲಿ ಲಂಡನ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಬಾಂಬ್ ಸಿಡಿದು ಅದು ಮುರಿಯಿತು, 1997ರ ಜುಲೈನಲ್ಲಿ ಮತ್ತೆ ಬಂತು. 1998ರ ಏಪ್ರಿಲ್ 10ರಂದು ಶುಭ ಶುಕ್ರವಾರದ ಒಪ್ಪಂದ. ಜನಮತ ಕೇಳಿದಾಗ ಉತ್ತರದಲ್ಲಿ 71 ಶೇಕಡಾ ಜನ ಒಪ್ಪಿದರು.

ಒಪ್ಪಂದವೇನೋ ಆಯಿತು, ಬಂದೂಕು ಮಾತ್ರ ಹೋಗಲಿಲ್ಲ. ಇನ್ನೂ ಏಳು ವರ್ಷ ಎಳೆದಾಡಿದರು. 2004ರ ಕೊನೆಗೆ ಹೆಚ್ಚುಕಡಿಮೆ ಮುಗಿದಿದ್ದ ಮಾತುಕತೆ ಫೋಟೋ ವಿಚಾರಕ್ಕೆ ಮುರಿದುಬಿತ್ತು. ಆಯುಧ ನಾಶ ಮಾಡುವ ಫೋಟೋ ಬೇಕೇ ಬೇಕು ಅಂದರು ಪ್ರೊಟೆಸ್ಟೆಂಟ್ ನಾಯಕ ಇಯಾನ್ ಪೇಸ್ಲಿ. ಐಆರ್‌ಎ ಸುತಾರಾಂ ಒಪ್ಪಲಿಲ್ಲ. ಅದು ಶರಣಾಗತಿಯ ಚಿತ್ರವಾಗುತ್ತದೆ ಅನ್ನುವುದು ಅವರ ಅಭಿಮಾನ. ಕೊನೆಗೆ 2005ರ ಸೆಪ್ಟೆಂಬರ್‌ನಲ್ಲಿ ಕೆನಡಾದ ನಿವೃತ್ತ ಜನರಲ್ ಜಾನ್ ಡಿ ಶಾಸ್ಟೆಲೇನ್ ಅವರ ಆಯೋಗದ ಕಣ್ಣೆದುರು ಐಆರ್‌ಎ ಆಯುಧಗಳನ್ನು ನಿಷ್ಕ್ರಿಯ ಮಾಡಿತು. ಸಾಕ್ಷಿಗೆ ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರೊಟೆಸ್ಟೆಂಟ್ ಪಾದ್ರಿ. ಫೋಟೋ ಇಲ್ಲ.

ಆ ಹೊತ್ತಿಗೆ ಓಟಿನ ಲೆಕ್ಕ ಏನಾಗಿತ್ತು ನೋಡಿ. 1992ರಲ್ಲಿ 10 ಶೇಕಡಾ ಇದ್ದ ಶಿನ್ ಫೇನ್ 2001ರಲ್ಲಿ 21.7ಕ್ಕೆ ಏರಿ ಎಸ್‌ಡಿಎಲ್‌ಪಿಯನ್ನೇ ಹಿಂದೆ ಹಾಕಿತ್ತು. 2007ರಲ್ಲಿ ಉತ್ತರ ಐರ್ಲೆಂಡಿನ ಜಂಟಿ ಸರ್ಕಾರಕ್ಕೆ ಪೇಸ್ಲಿ ಫಸ್ಟ್ ಮಿನಿಸ್ಟರ್, ಮೆಕ್‌ಗಿನ್ನೆಸ್ ಡೆಪ್ಯುಟಿ. 2012ರಲ್ಲಿ ಅದೇ ಮೆಕ್‌ಗಿನ್ನೆಸ್ ಎಲಿಜಬೆತ್ ರಾಣಿಯ ಕೈ ಕುಲುಕಿದರು. ರಾಣಿಯ ಗಂಡನ ಸೋದರಮಾವ, ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ಅವರನ್ನು 1979ರಲ್ಲಿ ದೋಣಿಯಲ್ಲಿ ಬಾಂಬಿಟ್ಟು ಕೊಂದದ್ದು ಐಆರ್‌ಎ. ಆ ಕೈ ಕುಲುಕುವಾಗ ಇಬ್ಬರ ತಲೆಯಲ್ಲೂ ಅದು ಓಡಿರಲೇಬೇಕು.

ಹಾಗಾದರೆ ಚುನಾವಣೆಗೆ ಬಂದವರೆಲ್ಲ ಕೊನೆಗೆ ಬಂದೂಕು ಬಿಡುತ್ತಾರಾ? ಇಲ್ಲ. ಲೆಬನಾನ್ ನೋಡಿ.

1982ರಲ್ಲಿ ಇಸ್ರೇಲ್ ಲೆಬನಾನಿಗೆ ನುಗ್ಗಿದ ಮೇಲೆ ಇರಾನಿನ ಬೆಂಬಲದಿಂದ ಹುಟ್ಟಿದ ಶಿಯಾ ಮುಸ್ಲಿಮರ ಗುಂಪು ಹಿಜ್ಬುಲ್ಲಾ. ಅಂತರ್ಯುದ್ಧ ಮುಗಿಸಲು 1989ರಲ್ಲಿ ತಾಯಿಫ್ ಒಪ್ಪಂದವಾಯಿತು. ಎಲ್ಲ ಸೇನಾ ಗುಂಪುಗಳೂ ಆಯುಧ ಒಪ್ಪಿಸಬೇಕು ಅಂತಾಯಿತು. ಇಸ್ರೇಲ್ ಇನ್ನೂ ದಕ್ಷಿಣದಲ್ಲಿತ್ತು. ನಮ್ಮದು ಗುಂಪಲ್ಲ, ಪ್ರತಿರೋಧ ಅಂತ ಹೇಳಿ ಹಿಜ್ಬುಲ್ಲಾ ಬಂದೂಕು ಉಳಿಸಿಕೊಂಡಿತು. 1992ರಲ್ಲಿ ಚುನಾವಣೆಗೂ ನಿಂತಿತು. ಅದಕ್ಕೂ ಒಳಗೆ ಜಗಳವಾಗಿತ್ತು, ಅವರ ಮೊದಲ ಪ್ರಧಾನ ಕಾರ್ಯದರ್ಶಿ ಸುಬ್ಹಿ ತುಫೈಲಿ ಇದನ್ನು ವಿರೋಧಿಸಿ ಕೊನೆಗೆ ಹೊರಬಿದ್ದರು.

ಇಲ್ಲಿ ಓಟಿನ ಪದ್ಧತಿ ಬೇರೆ. ಲೆಬನಾನ್ ಸಂಸತ್ತಿನ 128 ಸೀಟುಗಳನ್ನು ಧರ್ಮ, ಪಂಥದ ಪ್ರಕಾರ ಮೊದಲೇ ಹಂಚಿಟ್ಟಿದ್ದಾರೆ. ಶಿಯಾ ಮುಸ್ಲಿಮರಿಗೆ 27. ಓಟು ಹಾಕುವುದು ಈಗ ಇರುವ ಊರಲ್ಲಲ್ಲ, ಪೂರ್ವಜರ ಊರಲ್ಲಿ. ಹೆಚ್ಚಿನ ಶಿಯಾ ಸೀಟುಗಳು ಶಿಯಾಗಳೇ ಜಾಸ್ತಿ ಇರುವ ದಕ್ಷಿಣ ಮತ್ತು ಬೆಕಾ ಕಣಿವೆಯಲ್ಲಿವೆ. ಅಲ್ಲಿ ಎದುರಾಳಿಯಾಗಬಹುದಾಗಿದ್ದ ಇನ್ನೊಂದು ಪಕ್ಷ ಅಮಲ್. ಅದರ ಜೊತೆ ಹೊಂದಾಣಿಕೆ. 2022ರಲ್ಲಿ ಈ ಜೋಡಿ 27ಕ್ಕೆ 27ನ್ನೂ ಗೆದ್ದಿತು, ಅವರ ಮೈತ್ರಿಕೂಟ ಒಟ್ಟಾರೆ ಬಹುಮತ ಕಳೆದುಕೊಂಡ ಚುನಾವಣೆಯಲ್ಲೂ!

ಅಂದರೆ ಹಿಜ್ಬುಲ್ಲಾಗೆ ಹೊಸ ಮತದಾರರ ಮನಸ್ಸು ಗೆಲ್ಲಬೇಕಾದ ಅಗತ್ಯವೇ ಇಲ್ಲ. ಇರುವವರನ್ನು ಉಳಿಸಿಕೊಂಡರೆ ಸಾಕು. ಅವರನ್ನು ಉಳಿಸಿಕೊಳ್ಳಲು ಆಸ್ಪತ್ರೆ, ಶಾಲೆ, ಟಿವಿ ಚಾನೆಲ್ಲು, ಮನೆ ಕಟ್ಟಿಕೊಡುವ ಸಂಸ್ಥೆ ಎಲ್ಲ ಇದೆ. 2006ರ ಯುದ್ಧದ ನಂತರ ಮನೆ ಕಳೆದುಕೊಂಡವರ ಕೈಗೆ 12,000 ಡಾಲರ್ ನಗದು ಎಣಿಸಿಕೊಟ್ಟರು. ಸರ್ಕಾರದ ಅರ್ಜಿ ಫಾರಂ ಬರುವ ಮೊದಲೇ ನೋಟು ಬಂದರೆ ಜನ ಯಾರನ್ನು ನೆನೆಯುತ್ತಾರೆ ಹೇಳಿ.

ಇಲ್ಲಿ ಓಟು ಬಂದೂಕನ್ನು ಇಳಿಸಲಿಲ್ಲ, ಕಾವಲು ಕಾಯಿತು. 2008ರ ಮೇ ತಿಂಗಳಲ್ಲಿ ಸರ್ಕಾರ ಹಿಜ್ಬುಲ್ಲಾದ ಸ್ವಂತ ದೂರವಾಣಿ ಜಾಲಕ್ಕೆ ಕೈ ಹಾಕಿತು. ಹಿಜ್ಬುಲ್ಲಾ ಹೋರಾಟಗಾರರು ಪಶ್ಚಿಮ ಬೈರೂತನ್ನು ಹಿಡಿದುಬಿಟ್ಟರು. ದೋಹಾದಲ್ಲಿ ರಾಜಿಯಾದಾಗ ಹಿಜ್ಬುಲ್ಲಾ ಮೈತ್ರಿಕೂಟಕ್ಕೆ ಸಂಪುಟದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸ್ಥಾನ ಸಿಕ್ಕಿತು. ಬೇಡದ ನಿರ್ಧಾರವನ್ನು ತಡೆಯಲು ಅಷ್ಟು ಸಾಕು. ಯುರೋಪಿಯನ್ ಒಕ್ಕೂಟ 2013ರಲ್ಲಿ ಹಿಜ್ಬುಲ್ಲಾದ ಸೇನಾ ವಿಭಾಗವನ್ನು ಮಾತ್ರ ಉಗ್ರರ ಪಟ್ಟಿಗೆ ಸೇರಿಸಿತು. ಒಂದೇ ಮನೆಗೆ ಎರಡು ಬಾಗಿಲು ನಂಬರ್ ಕೊಟ್ಟ ಹಾಗೆ. ನಮ್ಮಲ್ಲಿ ಹಾಗೆ ಎರಡು ವಿಭಾಗ ಇಲ್ಲ ಅಂತ ಹಿಜ್ಬುಲ್ಲಾ ನಾಯಕರೇ ಹೇಳಿದ್ದಾರೆ. 2024ರಲ್ಲಿ ಹಿಜ್ಬುಲ್ಲಾಗೆ ಬಿದ್ದ ದೊಡ್ಡ ಪೆಟ್ಟು, ಪೇಜರ್ ಸ್ಫೋಟವಾಗಲಿ ನಾಯಕ ಹಸನ್ ನಸ್ರಲ್ಲಾ ಸಾವಾಗಲಿ, ಬಂದದ್ದು ಇಸ್ರೇಲಿನಿಂದ. ಮತಪೆಟ್ಟಿಗೆಯಿಂದಲ್ಲ.

ಹಮಾಸ್ ಕಥೆ ಇನ್ನೂ ಚಿಕ್ಕದು. 2006ರ ಜನವರಿಯಲ್ಲಿ ಪ್ಯಾಲೆಸ್ಟೀನ್ ಸಂಸತ್ತಿನ 132ರಲ್ಲಿ 74 ಸೀಟು ಗೆದ್ದಿತು. ಮರುವರ್ಷ ಅಲ್ಲಿನ ಇನ್ನೊಂದು ದೊಡ್ಡ ಪಕ್ಷ ಫತಾ ಜೊತೆ ಹೊಡೆದಾಡಿ ಗಾಜಾ ಹಿಡಿಯಿತು. ಆಮೇಲೆ ಅಲ್ಲಿ ಸಂಸತ್ ಚುನಾವಣೆಯೇ ನಡೆದಿಲ್ಲ. ಓಟು ಬಂದೂಕಿಗೆ ಏನು ಮಾಡುತ್ತದೆ ಅಂತ ನೋಡಲು ಎರಡನೇ ಚುನಾವಣೆ ಬೇಕು. ಮೊದಲನೆಯದು ಯಾರಿಗೂ ಪಾಠ ಕಲಿಸುವುದಿಲ್ಲ.

ನೇಪಾಳದಲ್ಲಿ ಎರಡನೇ ಚುನಾವಣೆ ಬಂತು. ಅಲ್ಲಿನ ಮಾವೋವಾದಿಗಳು 1996ರಲ್ಲಿ ಯುದ್ಧ ಶುರು ಮಾಡಿದರು, ಸುಮಾರು 17,000 ಜನ ಸತ್ತರು, 2006ರ ನವೆಂಬರ್‌ನಲ್ಲಿ ಶಾಂತಿ ಒಪ್ಪಂದ. ಬಂದೂಕುಗಳನ್ನು ಏನು ಮಾಡುವುದು? ಶಿಬಿರಗಳಲ್ಲಿ ಕಬ್ಬಿಣದ ಕಂಟೇನರ್ ಇಟ್ಟು 3,475 ಆಯುಧ ಒಳಗೆ ಹಾಕಿ ಬೀಗ ಹಾಕಿದರು. ಬೀಗದ ಕೈ ಮಾವೋವಾದಿಗಳ ಹತ್ತಿರವೇ! ಕಾವಲಿಗೆ ವಿಶ್ವಸಂಸ್ಥೆಯವರು, ಕ್ಯಾಮೆರಾ, ಸೈರನ್. ಸರ್ಕಾರಿ ಸೈನ್ಯವೂ ಅಷ್ಟೇ ಆಯುಧಗಳನ್ನು ಹಾಗೇ ಬೀಗ ಹಾಕಿ ಇಟ್ಟಿತು. ಐಆರ್‌ಎಗೆ ಫೋಟೋ ಬೇಡವಾಗಿದ್ದ ಹಾಗೆ ಇವರಿಗೆ ‘ಒಪ್ಪಿಸುವುದು’ ಬೇಡವಾಗಿತ್ತು. ಬೀಗದ ಕೈ ತಮ್ಮ ಜೇಬಿನಲ್ಲಿದ್ದರೆ ಸೋತ ಹಾಗಲ್ಲ. ಇಂಥ ಸಣ್ಣ ಮರ್ಯಾದೆಗಳಿಗೆ ಜಾಗ ಬಿಡದ ಒಪ್ಪಂದ ನಿಲ್ಲುವುದು ಕಷ್ಟ ಅಂತ ನನ್ನ ಅಂದಾಜು. 2008ರ ಸಂವಿಧಾನ ಸಭೆಯಲ್ಲಿ ಅವರದೇ ದೊಡ್ಡ ಪಕ್ಷ, ಅವರ ನಾಯಕ ಪ್ರಚಂಡ ಪ್ರಧಾನಿ. 2013ರಲ್ಲಿ ಮೂರನೇ ಸ್ಥಾನಕ್ಕೆ ಬಿದ್ದರು. ಮೋಸ ಆಗಿದೆ ಅಂತ ಕೂಗಿದರು, ಆದರೆ ಕಾಡಿಗೆ ಹೋಗಲಿಲ್ಲ. ಹೋಗಲು ಸೈನ್ಯವೂ ಉಳಿದಿರಲಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಮಿಜೋರಾಂ. 1966ರಲ್ಲಿ ದಂಗೆಯೆದ್ದ ಮಿಜೋ ನ್ಯಾಷನಲ್ ಫ್ರಂಟ್ 1986ರ ಜೂನ್ 30ರಂದು ಸಹಿ ಹಾಕಿತು. ಆಗ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಲಾಲ್ ಥನ್ಹಾವ್ಲಾ ತಾನು ಉಪಮುಖ್ಯಮಂತ್ರಿಯಾಗಿ, ದಂಗೆಯ ನಾಯಕ ಲಾಲ್‌ಡೆಂಗಾಗೆ ಕುರ್ಚಿ ಬಿಟ್ಟುಕೊಟ್ಟರು. ಹೀಗೆ ಕುರ್ಚಿ ಬಿಟ್ಟುಕೊಟ್ಟ ಮುಖ್ಯಮಂತ್ರಿ ನಮ್ಮಲ್ಲಿ ಅಪರೂಪ ಅಲ್ವಾ! ಅಲ್ಲಿ ಬಂದೂಕು, ಓಟು ಎರಡೂ ಒಟ್ಟಿಗೆ ನಡೆಯಲಿಲ್ಲ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಇತ್ತ ಮಲೆನಾಡಿನಲ್ಲಿ ಒಂದು ಕಾಲಕ್ಕೆ ಚುನಾವಣೆ ಬಂತೆಂದರೆ ಬಹಿಷ್ಕಾರದ ಕರಪತ್ರ ಸುದ್ದಿಯಾಗುತ್ತಿತ್ತು. ನೇಪಾಳದವರ ದಾರಿ ಇಲ್ಲಿನ ನಕ್ಸಲರಿಗೆ ದ್ರೋಹವಾಗಿ ಕಂಡಿತು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಅವರಲ್ಲಿ ಆರು ಜನ ಶರಣಾದರು.

ಫರ್ಮಾನಾ ಮತ್ತು ದಕ್ಷಿಣ ಟಿರೋನ್ ಈಗಲೂ ತೂಗುಯ್ಯಾಲೆಯ ಕ್ಷೇತ್ರವೇ. 2010ರಲ್ಲಿ ಶಿನ್ ಫೇನ್ ಅಲ್ಲಿ ಗೆದ್ದದ್ದು ನಾಲ್ಕೇ ನಾಲ್ಕು ಓಟಿನಿಂದ. 2024ರಲ್ಲಿ ಆ ಪಕ್ಷ ಅಲ್ಲಿ ನಿಲ್ಲಿಸಿದ್ದು ಪ್ಯಾಟ್ ಕಲನ್ ಅವರನ್ನು. ಬ್ರಿಟನ್ನಿನ ನರ್ಸುಗಳ ಸಂಘದ ಮುಖ್ಯಸ್ಥೆಯಾಗಿ, ಸಂಬಳಕ್ಕಾಗಿ ಮುಷ್ಕರ ಮಾಡಿಸಿ ಹೆಸರು ಮಾಡಿದವರು. ಗೆದ್ದರು. ಪಕ್ಷದ ಹಳೇ ನಿಯಮದ ಪ್ರಕಾರ ಅವರೂ ಲಂಡನ್ನಿನ ಸಂಸತ್ತಿನಲ್ಲಿ ಕೂರುವುದಿಲ್ಲ.